ಜಾಮ್ ಕಲೆಯಿಲ್ಲದ ಪುಸ್ತಕ

ಅಥವಾ ಆ ಕೋಟು ಹಸಿರು ಬಣ್ಣದ್ದೇ ಆಗಿರಲಿಲ್ಲವೇನೋ. ಮಕ್ಕಳ ಕಥೆ ಬರೆಯುವ ಯೂನಾ ನಮ್ಮ ಲೈಬ್ರರಿಯ ಬಾಗಿಲಲ್ಲಿ ಬಂದು ನಿಂತದ್ದನ್ನು ನಾನು ಈತನಕ ನಾಲ್ಕೈದು ಜನಕ್ಕೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಯೂನಾರಿಗೆ ಹಸಿರು ಕೋಟು ತೊಡಿಸಿದ್ದೇನೆ. ಹಸಿರೇ ಗುರುತಾದ ಐರ್ಲೆಂಡಿನವರು ಅಂದಕೂಡಲೆ ನನ್ನ ತಲೆಯೇ ಆ ಬಣ್ಣ ಬಳಿದಿರಬಹುದು. ಕಳೆದ ವಾರ ಬೀರು ಒರೆಸುವಾಗ ಒಂದು ಫೋಟೊ ಸಿಕ್ಕಿತು. ಲಂಡನ್ ಅಂಚಿನ ಕೆಂಟನ್ನಿನ ನಮ್ಮ ಮನೆಯ ಸೋಫಾದ ಮೇಲೆ ನನ್ನ ಅತ್ತೆಯವರ ಪಕ್ಕ ಯೂನಾ ಕೂತಿದ್ದಾರೆ, ಕೋಟು ಬಿಚ್ಚಿಲ್ಲ, ಅದು ಕಂದು. ಫೋಟೊ ಹಳತಾಗಿ ಹಸಿರೇ ಕಂದಾಗಿದೆಯೋ ಏನೋ, ಅದನ್ನೂ ಆಣೆ ಮಾಡಿ ಹೇಳಲಾರೆ.

ಇಪ್ಪತ್ತೊಂಬತ್ತು ವರ್ಷ ನಾನು ವಾಯವ್ಯ ಲಂಡನ್ನಿನ ಒಂದು ಕೌನ್ಸಿಲ್ ಲೈಬ್ರರಿಯಲ್ಲಿ ಮಕ್ಕಳ ವಿಭಾಗ ನೋಡಿಕೊಂಡೆ. ಈ ಕೆಲಸಕ್ಕೆ ಸೇರಬೇಕೆಂದಿರುವ ನಮ್ಮ ಹುಡುಗಿಯರು ಇಬ್ಬರು ಮೂವರು, ಕೆಲಸ ನಿಜವಾಗಿ ಹೇಗಿತ್ತು ಬರೆಯಿರಿ ಎಂದು ಕೇಳಿದ್ದಾರೆ. ನಿಜವಾಗಿ ಎಂಬ ಮಾತಿನ ಹತ್ತಿರವೇ ನಾನು ಎಡವುತ್ತೇನೆ. ಯೂನಾ ನನ್ನ ಹತ್ತಿರ ಆಡಿದ್ದೆಲ್ಲ ಇಂಗ್ಲಿಷು, ಐರ್ಲೆಂಡಿನ ಪಶ್ಚಿಮ ಕರಾವಳಿಯ ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅವರು ಅಚ್ಚ ಧಾರವಾಡದ ಕನ್ನಡ ಮಾತಾಡುತ್ತಾರೆ. ನಮ್ಮ ಶಾಖೆಯ ಮುಖ್ಯಸ್ಥೆ ಗ್ಲೆನಿಸ್ ಅದೇ ನೆನಪಿನಲ್ಲಿ ಬೆಂಗಳೂರಿನ ಆಫೀಸು ಕನ್ನಡ ಆಡುತ್ತಾರೆ. ಹೀಗೇಕೆಂದು ಕೇಳಬೇಡಿ. ತಿದ್ದಲು ಹೋದರೆ ಇಬ್ಬರ ದನಿಯೂ ಹಾರಿಹೋಗುತ್ತದೆ, ಆದ್ದರಿಂದ ಕೇಳಿಸಿದ ಹಾಗೆಯೇ ಬರೆಯುತ್ತೇನೆ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಪ್ರತಿ ಪುಸ್ತಕದೊಳಗೆ ಒಂದು ಚೀಟಿ, ಪ್ರತಿ ಓದುಗನಿಗೆ ಪುಟ್ಟ ರಟ್ಟಿನ ಜೇಬು. ಪುಸ್ತಕ ಹೊರಗೆ ಹೋದರೆ ಚೀಟಿಯನ್ನು ಜೇಬಿಗೆ ಸೇರಿಸಿ ಮರದ ಟ್ರೇಯಲ್ಲಿ ತಾರೀಖಿನ ಪ್ರಕಾರ ನಿಲ್ಲಿಸುವುದು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿಯೆಲ್ಲ ರಟ್ಟಿನ ಧೂಳು. ಒಂದು ಸಲ ಆ ಟ್ರೇಯನ್ನು ನಾನು ಕೆಳಗೆ ಬೀಳಿಸಿದೆ. ಮೂರು ವಾರದ ಎರವಲು ಪೂರ್ತಿ ನೆಲದ ಮೇಲೆ. ಗ್ಲೆನಿಸ್ ಬಂದು ನೋಡಿ, ಮಂಡಿಯೂರಿ ನನ್ನ ಜೊತೆ ಆರಿಸತೊಡಗಿದರು. "ನನ್ನ ಸರ್ವಿಸ್‌ನಲ್ಲಿ ನಾನು ಎರಡು ಸಲ ಬೀಳಿಸಿದ್ದೇನೆ. ನೀವು ಇನ್ನೊಂದು ಸಲ ಬೀಳಿಸಬಹುದು, ಅದಕ್ಕಿಂತ ಹೆಚ್ಚಿಲ್ಲ," ಎಂದರು. ಅವರು ಗದರಿಸುವ ರೀತಿ ಅಷ್ಟೇ.

ಕಥೆಯ ಗಂಟೆ ಎಂದು ಒಂದಿತ್ತು, ಈಗಲೂ ಇದೆ. ನಾನು ಮೊದಲ ಸಲ ಹೇಳಿದ್ದು ದೇವಿ ರಕ್ಕಸನನ್ನು ಕೊಂದ ಕಥೆ. ಧಾರವಾಡದಲ್ಲಿ ನನ್ನ ಅಜ್ಜಿ ಹೇಳುತ್ತಿದ್ದಂತೆ ಕೈ, ಕಣ್ಣು, ನಾಲಿಗೆ ಎಲ್ಲ ಬಳಸಿ ಹೇಳಿದೆ. ಮರುದಿನ ಒಬ್ಬ ತಾಯಿ ಬಂದು, ತನ್ನ ಮಗು ರಾತ್ರಿಯಿಡೀ ಲೈಟು ಆರಿಸಲು ಬಿಟ್ಟಿಲ್ಲ ಎಂದು ದೂರಿದಳು. ಗ್ಲೆನಿಸ್ ನನ್ನನ್ನು ಕರೆದು, "ಸುಧಾ, ತಲೆ ಕಡಿಯುವುದನ್ನು ಏಳು ವರ್ಷದ ಮೇಲಿನವರಿಗೆ ಇಟ್ಟುಕೊಳ್ಳೋಣ. ಕೆಳಗಿನವರಿಗೆ ಗಾಯ ಮಾತ್ರ," ಎಂದರು. ಅಂದಿನಿಂದ ನನ್ನ ರಕ್ಕಸರಿಗೆಲ್ಲ ಮೊಣಕಾಲು ತರಚಿತು.

ಆಮೇಲೆ ಕಂಪ್ಯೂಟರ್ ಬಂತು. ಪುಸ್ತಕಕ್ಕೆ ಗೆರೆಗಳ ಲೇಬಲ್, ಆ ಗೆರೆಯ ಮೇಲೆ ಎಳೆಯುವ ಬೆಳಕಿನ ಪೆನ್ನು. ಮೊದಲ ಪುಟದ ಎದುರಿಗೆ ಅಂಟಿಸಿದ ಹಾಳೆಯಲ್ಲಿ ತಾರೀಖಿನ ಮುದ್ರೆ ಒತ್ತುವುದು ಮಾತ್ರ ಹಾಗೇ ಉಳಿಯಿತು. ಈ ಯಂತ್ರಕ್ಕೆ ಒಂದು ದುಷ್ಟ ಗುಣವಿತ್ತು: ಯಾವ ಪುಸ್ತಕವನ್ನು ಎಷ್ಟು ದಿನದಿಂದ ಯಾರೂ ಒಯ್ದಿಲ್ಲ ಎಂಬುದು ಅದಕ್ಕೆ ಗೊತ್ತಿತ್ತು. ಮೂರು ತಿಂಗಳಿಗೊಮ್ಮೆ ಅಂಥವುಗಳ ಪಟ್ಟಿ ಕಕ್ಕುತ್ತಿತ್ತು. ನಾವು ಟ್ರಾಲಿ ತಳ್ಳಿಕೊಂಡು ಹೋಗಿ ಅವನ್ನು ಕೀಳಬೇಕು. ನಮ್ಮ ಕಸುಬಿನಲ್ಲಿ ಇದಕ್ಕೆ ಕಳೆ ತೆಗೆಯುವುದು ಎಂದೇ ಹೆಸರು. ತೆಗೆಯಲೇಬೇಕು, ಇಲ್ಲದಿದ್ದರೆ ಹೊಸದಕ್ಕೆ ಜಾಗವಿಲ್ಲ, ಇದನ್ನು ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಒಂದು ಪಟ್ಟಿಯಲ್ಲಿ ಯೂನಾರ ಪುಸ್ತಕ ಇತ್ತು.

ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಕೆಲಸಕ್ಕೆ ಸೇರುವ ಮೊದಲು, ವೆಂಬ್ಲಿಯ ಒಂದು ಫ್ಲ್ಯಾಟಿನಲ್ಲಿ ಇದ್ದೆವು. ನಮ್ಮವರು ಆಸ್ಪತ್ರೆಯ ಡಾಕ್ಟರು, ಮನೆಯಲ್ಲಿದ್ದದ್ದಕ್ಕಿಂತ ಡ್ಯೂಟಿಯಲ್ಲಿ ಇದ್ದದ್ದೇ ಹೆಚ್ಚು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದರೂ ದೊಡ್ಡ ಕಾದಂಬರಿ ಎತ್ತಿಕೊಳ್ಳಲು ಧೈರ್ಯವಾಗದೆ ಮಕ್ಕಳ ಕಪಾಟಿನಿಂದ ಒಂದನ್ನು ತಂದೆ. ಅದೇ ಲೈಬ್ರರಿ, ಅದೇ ಪುಸ್ತಕ. ದೋಣಿಕಟ್ಟೆಯಿಲ್ಲದ ಒಂದು ದ್ವೀಪ. ಅಲ್ಲಿ ದನ ಮಾರಬೇಕಾದರೆ ಸಣ್ಣ ದೋಣಿಯ ಹಿಂದೆ ಕಟ್ಟಿ, ದೂರ ನಿಂತ ಹಡಗಿನತನಕ ಈಜಿಸಿಕೊಂಡು ಹೋಗಬೇಕು. ಅಜ್ಜನ ಆಕಳ ಮೂತಿ ನೀರಿನಲ್ಲಿ ಮುಳುಗದಂತೆ ಒಬ್ಬ ಹುಡುಗಿ ದೋಣಿಯ ತುದಿಯಲ್ಲಿ ಕೂತು ಹಗ್ಗ ಹಿಡಿದಿದ್ದಾಳೆ. ಹಡಗು ಹತ್ತಿರವಾದಾಗ ಆಕಳು ಸತ್ತುಹೋಗುತ್ತದೆ. ಇಂಗ್ಲಿಷಿನಲ್ಲಿ ಓದಿ ನಾನು ಅತ್ತದ್ದು ಅದೇ ಮೊದಲು.

ಅದನ್ನು ಟ್ರಾಲಿಗೆ ಹಾಕಲು ಕೈ ಬರಲಿಲ್ಲ. ನಾನು ಮಾಡಿದ್ದು ಇಷ್ಟು. ಅತ್ತೆಯವರ ಲೈಬ್ರರಿ ಕಾರ್ಡು ನನ್ನ ಡ್ರಾಯರಿನಲ್ಲೇ ಇರುತ್ತಿತ್ತು. ಊಟದ ಬಿಡುವಿನಲ್ಲಿ ಅದರ ಮೇಲೆ ಪೆನ್ನು ಎಳೆದು ಪುಸ್ತಕವನ್ನು ಹೊರಗೆ ಕೊಟ್ಟ ಹಾಗೆ ಮಾಡಿದೆ, ಮುದ್ರೆ ಒತ್ತಿದೆ, ಮತ್ತೆ ಪೆನ್ನು ಎಳೆದು ವಾಪಸು ಬಂದ ಹಾಗೆ ಮಾಡಿದೆ. ಪುಸ್ತಕ ಕಪಾಟು ಬಿಟ್ಟು ಕದಲಲಿಲ್ಲ. ಮುಂದಿನ ಪಟ್ಟಿಯಲ್ಲಿ ಅದರ ಹೆಸರೂ ಇರಲಿಲ್ಲ. ಈ ಉಪಾಯ ನಮ್ಮ ಕಸುಬಿನಲ್ಲಿ ನಾನೊಬ್ಬಳೇ ಕಂಡುಹಿಡಿದದ್ದಲ್ಲ, ಆಮೇಲೆ ತಿಳಿಯಿತು. ಆದರೆ ಒಂದು ಸಲ ಸಾಕಿತ್ತು. ನಾನು ಅದನ್ನು ವಾರಕ್ಕೆರಡು ಸಲ ಮಾಡಿದೆ, ಯೂನಾರ ಉಳಿದ ಮೂರು ಪುಸ್ತಕಗಳಿಗೂ ಮಾಡಿದೆ. ಬಹುಶಃ ಮಧ್ಯಾಹ್ನದ ಆ ಹತ್ತು ನಿಮಿಷ ನನಗೆ ಹಿತವಾಗಿತ್ತು.

ಸಿಕ್ಕಿಬಿದ್ದದ್ದು ಹೀಗೆ. ವರ್ಷದ ಕೊನೆಯಲ್ಲಿ ಅತಿ ಹೆಚ್ಚು ಓದಿದವರಿಗೆ ಒಂದು ಸರ್ಟಿಫಿಕೇಟು ಮತ್ತು ಚಹಾದ ಮಗ್ಗು ಕೊಡಬೇಕೆಂದು ಮೇಲಿನವರಿಗೆ ಹೊಳೆಯಿತು. ಗ್ಲೆನಿಸ್ ಕಂಪ್ಯೂಟರನ್ನು ಕೇಳಿದರು. ಅದು ಶ್ರೀಮತಿ ಗಂಗಾಬಾಯಿ ಕುಲಕರ್ಣಿ, ಕೆಂಟನ್ ಎಂದಿತು.

"ಸುಧಾ, ಇವರು ನಿಮ್ಮ ಅತ್ತೆಯವರಲ್ಲವೇ? ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿದ್ದಿರಿ."

ನಾನು ಡ್ರಾಯರಿನಿಂದ ಕಾರ್ಡು ತೆಗೆದು, ಮನೆಗೆ ಒಯ್ಯಲು ನನ್ನ ಕೈಚೀಲಕ್ಕೆ ಹಾಕಿಕೊಂಡೆ.

"ಒಂದೇ ಪುಸ್ತಕವನ್ನು ಇಷ್ಟು ಸಲ ಓದಿದ್ದಾರೆ, ಅವರಿಗೆ ಆಯಾಸವಾಗಿರಬೇಕು. ನಾಳೆಯಿಂದ ಅವರಿಗೆ ವಿಶ್ರಾಂತಿ ಕೊಡಿ." ಮಗ್ಗು ಪಿನ್ನರಿನ ಒಬ್ಬ ರಿಟೈರ್ಡ್ ಮೇಷ್ಟ್ರಿಗೆ ಹೋಯಿತು. ಗ್ಲೆನಿಸ್ ಕಾಗದದ ಮೇಲೆ ಏನನ್ನೂ ಬರೆಯಲಿಲ್ಲ. ಬರೆದಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಇಲ್ಲಿ ಒಂದು ಸರ್ಕಾರಿ ಪದ್ಧತಿ ಇದೆ, ನನಗೆ ಗೊತ್ತಿರಬೇಕಾಗಿದ್ದದ್ದು. ಲೈಬ್ರರಿಗಳಿಂದ ತಮ್ಮ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತು ಎಂದು ಬರೆದವರಿಗೆ ವರ್ಷಕ್ಕೊಮ್ಮೆ ತಿಳಿಸುತ್ತಾರೆ, ಜೊತೆಗೆ ಒಂದಿಷ್ಟು ಗೌರವಧನ. ದೇಶದ ಎಲ್ಲ ಲೈಬ್ರರಿಗಳನ್ನು ಎಣಿಸಲು ಆಗದು. ಕೆಲವನ್ನು ಮಾದರಿಗೆ ಆರಿಸಿಕೊಂಡು, ಅಲ್ಲಿಯ ಅಂಕಿಯನ್ನು ಇಡೀ ದೇಶಕ್ಕೆ ಹಿಗ್ಗಿಸುತ್ತಾರೆ. ಆ ವರ್ಷದ ಮಾದರಿಯಲ್ಲಿ ನಮ್ಮ ಲೈಬ್ರರಿ ಇತ್ತು. ಹಾಗೆಂದು ಸುತ್ತೋಲೆ ಬಂದಿತ್ತು, ನಾನೇ ಅದನ್ನು ನೋಟೀಸ್ ಬೋರ್ಡಿಗೆ ಚುಚ್ಚಿದ್ದೆ, ಓದಿರಲಿಲ್ಲ. ನಮ್ಮ ಅತ್ತೆಯವರ ಒಂದು ಕಾರ್ಡು ದೇಶದ ಅಳತೆಗೆ ಹಿಗ್ಗಿ, ಸಾವಿರಾರು ಮಕ್ಕಳಾಗಿ, ಒಂದು ಲಕೋಟೆಯಲ್ಲಿ ಕೂತು ಕಿಲ್‌ಬರ್ನಿನ ಒಂದು ಮನೆಗೆ ಹೋಯಿತು.

ಆ ಮನೆಯಿಂದ ಯೂನಾ ಟ್ಯೂಬ್ ಹಿಡಿದು ಬಂದರು. ಎಪ್ಪತ್ತರ ಹತ್ತಿರದ ಸಣ್ಣ ಆಳು, ಬಿಳಿ ಜಡೆ. ನೇರ ಮಕ್ಕಳ ಕಪಾಟಿಗೆ ಹೋಗಿ, ಬಗ್ಗಿ, ಆಕಳ ಪುಸ್ತಕ ತೆಗೆದುಕೊಂಡು ನನ್ನ ಟೇಬಲಿಗೆ ಬಂದರು.

"ಇದನ್ನ ನಾ ಬರದೀನ್ರಿ," ಎಂದರು.

ನಾನು ಎದ್ದು ನಿಂತೆ. ಅವರು ನಿಂತಲ್ಲೇ ಹೇಳಿದರು: ಪ್ರಕಾಶಕರು ಬಿಟ್ಟು ಹನ್ನೆರಡು ವರ್ಷವಾಯಿತು, ಪುಸ್ತಕಗಳು ಅಂಗಡಿಯಲ್ಲಿ ಇಲ್ಲ, ಟೈಪ್‌ರೈಟರನ್ನು ಬಟ್ಟೆಯ ಕಪಾಟಿನೊಳಗೆ ಕಂಬಳಿ ಹೊದಿಸಿ ಇಟ್ಟಿದ್ದರು. ಈಗ ಈ ಕಾಗದ ಬಂದಿದೆ. ಮಾದರಿಯಲ್ಲಿ ಯಾವ ಯಾವ ಊರಿನವು ಇವೆ ಎಂದು ವಿಚಾರಿಸಿ, ಹತ್ತಿರದ್ದಕ್ಕೆ ಬಂದಿದ್ದಾರೆ.

"ಮೊನ್ನೆ ಟೈಪ್‌ರೈಟರ್ ಹೊರಗ ತಗದೆ. ಒಂದು ಹೊಸಾ ಕಥಿ ಅದ ತಲಿಯೊಳಗ. ಹುಡುಗರು ಇನ್ನೂ ಇದ್ದಾರಂದ್ರ ಬರೀಬೇಕಲ್ಲ."

ಹೇಳುತ್ತ ಅವರು ಪುಸ್ತಕ ತೆರೆದರು. ತಾರೀಖಿನ ಹಾಳೆಯ ತುಂಬ ನನ್ನ ಮುದ್ರೆಗಳು, ಸಾಲು ಸಾಲು. ಒಳಗಿನ ಪುಟಗಳು ಮಾತ್ರ ಇಸ್ತ್ರಿ ಮಾಡಿದ ಹಾಗೆ ಇದ್ದವು. ಬೆನ್ನು ಬಗ್ಗಿರಲಿಲ್ಲ, ತೆರೆದರೆ ಸದ್ದು ಮಾಡುತ್ತಿತ್ತು. ಅವರು ನಿಧಾನ ಹತ್ತಿಪ್ಪತ್ತು ಪುಟ ತಿರುವಿದರು.

"ಇಷ್ಟು ಹುಡುಗರು ಓದ್ಯಾರ, ಒಬ್ಬರೂ ಜಾಮ್ ಚೆಲ್ಲಿಲ್ಲ ನೋಡ್ರಿ."

ಹೊಸಬರು ಇದನ್ನು ಬರೆದಿಟ್ಟುಕೊಳ್ಳಬೇಕು. ಮಗು ಓದಿದ ಪುಸ್ತಕಕ್ಕೆ ಕಲೆ ಇರುತ್ತದೆ, ಬಿಸ್ಕತ್ತಿನ ಪುಡಿ ಇರುತ್ತದೆ, ಮಡಿಚಿದ ಮೂಲೆ ಇರುತ್ತದೆ. ಯಂತ್ರ ಹೇಳುವ ಲೆಕ್ಕಕ್ಕಿಂತ ಅದನ್ನು ನಂಬಿ. ನಾನು ಅಂದು ತಡವರಿಸಿ, ಇಲ್ಲಿ ಬಹಳ ಜನ ಭಾರತದವರು, ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಮಕ್ಕಳು ಜೋಪಾನ ಮಾಡುತ್ತಾರೆ ಎಂದೆ. ಅರ್ಧ ನಿಜ.

"ಹೌದೇನು," ಎಂದು ಯೂನಾ ಪುಸ್ತಕವನ್ನು ಮುಚ್ಚಿದರು. "ಅವರೊಳಗ ಒಬ್ಬರನ್ನ ನೋಡಬೇಕಲ್ರೀ."

ಓದುಗರ ಹೆಸರು ಹೇಳುವ ಹಾಗಿಲ್ಲ ಎಂಬ ನಿಯಮವಿದೆ. ಅದರ ಹಿಂದೆ ಬಚ್ಚಿಟ್ಟುಕೊಳ್ಳಬಹುದಿತ್ತು. ಬಾಯಿ ಬೇರೆಯೇ ಹೇಳಿತು: ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ. ಇದು ಸುಳ್ಳಲ್ಲ. ಒಮ್ಮೆ ಆ ಪುಸ್ತಕವನ್ನು ಮನೆಗೆ ಒಯ್ದಿದ್ದೆ, ಅತ್ತೆಯವರು ಮುಖಪುಟದ ಆಕಳನ್ನು ನೋಡಿ ಕಥೆ ಕೇಳಿದ್ದರು, ನಾನು ಕನ್ನಡದಲ್ಲಿ ಹೇಳಿದ್ದೆ.

"ವಯಸ್ಸೆಷ್ಟು ಆ ಕೂಸಿಗೆ?"

"ಎಪ್ಪತ್ತಾರು."

ಯೂನಾ ನಕ್ಕರು. "ನನ್ನ ಓದುಗರು ಹನ್ನೆರಡು ಆಗೂದ ತಡ, ಬಿಟ್ಟು ಓಡಿಹೋಗ್ತಾರ. ಈಕಿ ಯಾಕ ಉಳದಾಳ, ನೋಡೇ ಬಿಡೂಣು."

ಮುಂದಿನ ಭಾನುವಾರ ಅವರು ಕೆಂಟನ್ನಿಗೆ ಬಂದರು. ಅತ್ತೆಯವರು ಚಹಾ, ಒಗ್ಗರಣೆ ಅವಲಕ್ಕಿ ಮಾಡಿಸಿ, ಜರಿಯಂಚಿನ ಸೀರೆಯುಟ್ಟು ಕೂತಿದ್ದರು. ನಡುವೆ ದುಭಾಷಿ ನಾನು. ಕುಶಲ ಮುಗಿದ ಮೇಲೆ ಅತ್ತೆಯವರು ನೇರ ವಿಷಯಕ್ಕೆ ಬಂದರು.

"ಸುಧಾ, ಕೇಳು ಆಕಿಗೆ. ಆಕಳಾ ಯಾಕ ಸಾಯಿಸಿದಿ ಅಂತ ಕೇಳು."

ಆಕಳು ಅತ್ತೆಯವರಿಗೆ ಬಹಳ ಹಿಡಿಸಿತಂತೆ ಎಂದೆ ನಾನು, ಇಂಗ್ಲಿಷಿನಲ್ಲಿ.

"ಅವರ ಮಾರಿ ನೋಡಿದ್ರ ಹಂಗ ಕಾಣೂದಿಲ್ಲಲ್ರೀ. ಖರೇ ಏನಂದ್ರು ಅಷ್ಟು ಹೇಳ್ರಿ," ಎಂದರು ಯೂನಾ. ಹೇಳಿದೆ. ಯೂನಾ ತಲೆಯಾಡಿಸಿದರು. "ನಮ್ಮ ದ್ವೀಪದಾಗ ಹಂಗ ಸಾಯ್ತಿದ್ವು. ಆ ಮಾತಿಗೆ ನನ್ನ ಎಡಿಟರ್ ಕೂಡ ನಾ ಒಂದು ವರ್ಷ ಜಗಳಾಡೀನಿ."

"ಸಾಯ್ತಾವ, ಯಾರು ಇಲ್ಲಂದ್ರು?" ಎಂದರು ಅತ್ತೆ. "ಸಾಯ್ತಾವಂತ ಹುಡುಗರ ಮುಂದ ಸಾಯಿಸಬೇಕೇನು? ನಾ ಹೇಳುವಾಗ ಎಮ್ಮಿ ಮಾಡೀನಿ. ಎಮ್ಮಿ ಮುಣಗೂದಿಲ್ಲ. ಮುಣಗಿದ್ರೂ ಏಳ್ತದ."

ಯೂನಾ ಕಪ್ಪು ಕೆಳಗಿಟ್ಟರು. "ಯಾರಿಗೆ ಹೇಳ್ತಾರ ಇವರು?"

ಆಗಲೇ ನನಗೂ ತಿಳಿದದ್ದು. ಸ್ಕೂಲು ಬಿಟ್ಟ ಮೇಲೆ ನನ್ನ ಮಗಳೂ ಅಕ್ಕಪಕ್ಕದ ನಮ್ಮವರ ಮಕ್ಕಳೂ ಮನೆಯಲ್ಲಿ ಸೇರುತ್ತಿದ್ದರು. ಅವರಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನಾನು ಕೆಲಸದಿಂದ ಬರುವ ಮೊದಲು ಅತ್ತೆಯವರು ಅವರಿಗೆ ಯೂನಾರ ಕಥೆಯನ್ನು ದಿನಕ್ಕಿಷ್ಟರಂತೆ ಹೇಳಿ, ಎಮ್ಮೆಯನ್ನು ದಡ ಮುಟ್ಟಿಸಿದ್ದರು. ಎಷ್ಟು ಮಕ್ಕಳು ಎಂಬುದಕ್ಕೆ ಅತ್ತೆಯವರು ಬೆರಳು ಎತ್ತಿ ತೋರಿಸಿದರು: ಐದು. ಆಮೇಲೆ ಯಾವ ಎಗ್ಗೂ ಇಲ್ಲದೆ ಮುಂದುವರಿಸಿದರು.

"ಈಕಿ ನನ್ನ ಕಾರ್ಡಿನ ಮ್ಯಾಲೆ ವಾರಾ ವಾರಾ ಆ ಪುಸ್ತಕ ಬರಕೋತಿದ್ಲಂತ, ಯಾರಿಗೂ ಕೊಡಲಾರದ. ಆಫೀಸಿನ ಮ್ಯಾಲಿನಾಕಿ ಹಿಡದು ಬೈದಳಂತ. ನನಗ ಒಂದು ಕಪ್ಪು ಬಹುಮಾನ ಬರೂದಿತ್ತು, ಅದೂ ಹೋತು." ಹೇಳುತ್ತ ಎದ್ದು ಶೆಲ್ಫಿನ ಮೇಲಿದ್ದ ಲೈಬ್ರರಿ ಕಾರ್ಡನ್ನು ತಂದು ಯೂನಾರ ಕೈಯಲ್ಲೇ ಇಟ್ಟರು.

ಯೂನಾ ಕಾರ್ಡು ನೋಡಿದರು, ನನ್ನನ್ನು ನೋಡಿದರು.

"ಲೈಬ್ರರಿ ಬಹಳ ಚೆನ್ನಾಗಿದೆ ಅಂತಾರೆ," ಎಂದೆ.

"ಅಷ್ಟ ಅಂದ್ರ? ಭಾಳ ಉದ್ದ ಹೇಳಿದ್ರಲ್ಲ," ಎಂದು ಯೂನಾ ಅವಲಕ್ಕಿಗೆ ಕೈ ಹಾಕಿದರು.

ಅವರು ಹೋದ ಮೇಲೆ ನಮ್ಮವರಿಗೆ ಎಲ್ಲ ಹೇಳಿದೆ. ನನ್ನ ಕಷ್ಟ ಸರಳವಾಗಿತ್ತು. ನಿಜ ಹೇಳಿದರೆ ಆ ಟೈಪ್‌ರೈಟರ್ ಮತ್ತೆ ಕಂಬಳಿಯೊಳಗೆ ಹೋಗುತ್ತದೆ, ಎಪ್ಪತ್ತರ ಹೆಂಗಸು ಅದನ್ನು ಇನ್ನೊಂದು ಸಲ ಹೊರಗೆ ತೆಗೆಯುವುದಿಲ್ಲ. ಹೇಳದಿದ್ದರೆ ಇಲ್ಲದ ಸಾವಿರ ಮಕ್ಕಳಿಗಾಗಿ ಅವರು ತಮ್ಮ ಕೊನೆಯ ಪುಸ್ತಕ ಬರೆಯುತ್ತಾರೆ, ಒಂದು ದಿನ ನಿಜ ಗೊತ್ತಾದರೆ ಅದು ಇನ್ನೂ ಕೆಟ್ಟದ್ದು. ನಮ್ಮವರು ಊಟ ನಿಲ್ಲಿಸದೆ ಕೇಳಿ, "ಹೇಳೂದಿದ್ರ ಹೇಳು, ಬಿಡೂದಿದ್ರ ಬಿಡು. ನಡುವ ನಿಂತು ಬಿ.ಪಿ. ಏರಿಸ್ಕೋಬ್ಯಾಡ," ಎಂದರು. ವೈದ್ಯರು ಮನೆಯವರಿಗೆ ಕೊಡುವ ಔಷಧಿ ಅಷ್ಟೇ.

ಹೇಳಲೆಂದೇ ಕಿಲ್‌ಬರ್ನಿಗೆ ಹೋದೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್, ಪಕ್ಕದಲ್ಲಿ ಟೈಪಾದ ಹಾಳೆಗಳು. ಯೂನಾ ಚಹಾ ಮಾಡುತ್ತ ತಮ್ಮ ಬದುಕು ಹೇಳಿದರು. ಅಪ್ಪ ದ್ವೀಪದಲ್ಲಿ ದೋಣಿ ನಡೆಸುತ್ತಿದ್ದ, ಹದಿನೇಳಕ್ಕೆ ಲಂಡನ್ನಿಗೆ ಬಂದು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದರಂತೆ, ಸಂಜೆ ಟೈಪಿಂಗ್ ಕಲಿತು ವಕೀಲರ ಆಫೀಸು ಸೇರಿದರಂತೆ, ಅಲ್ಲಿಯ ರದ್ದಿ ಕಾಗದದ ಬೆನ್ನ ಮೇಲೆ ಮೊದಲ ಪುಸ್ತಕ ಬರೆದರಂತೆ. ಕೆಲವು ತಿಂಗಳ ನಂತರ ಇನ್ನೊಮ್ಮೆ ಹೇಳಿದಾಗ ಅಪ್ಪ ದ್ವೀಪದ ಸ್ಕೂಲ್ ಮಾಸ್ತರನಾಗಿದ್ದ. ನಾನು ಎತ್ತಿ ತೋರಿಸಿದೆ. "ಹೌದ? ಎರಡರೊಳಗ ಯಾವದು ಛಲೋ ಅನಸ್ತದ?" ಎಂದು ಕೇಳಿದರು. ಅವರ ಜೀವನಚರಿತ್ರೆ ಬರೆಯುವವರು ಯಾರಾದರೂ ಇದ್ದರೆ ಎಚ್ಚರದಿಂದಿರಲಿ.

ಆ ಮೊದಲ ದಿನ, ಚಹಾ ಮುಗಿದ ಮೇಲೆ, "ಯೂನಾ, ಆ ಲೈಬ್ರರಿ ಅಂಕಿಯ ವಿಷಯ" ಎಂದೆ. ಎಂದೆನೋ, ಎನ್ನಬೇಕೆಂದು ಬಾಯಿ ತೆರೆದೆನೋ. ಒಂದು ನೆನಪಿನಲ್ಲಿ ನಾನು ಆ ವಾಕ್ಯದ ಅರ್ಧ ಹೇಳಿದ್ದೇನೆ, ಅವರು ಕೈಯೆತ್ತಿ ತಡೆದಿದ್ದಾರೆ. ಇನ್ನೊಂದರಲ್ಲಿ ನಾನು ಸಕ್ಕರೆ ಕಲಕುತ್ತ ಕೂತಿದ್ದೇನೆ. ಎರಡರಲ್ಲೂ ಅವರು ಮುಂದೆ ಮಾಡುವುದು ಒಂದೇ: ಮೇಜಿನ ಮೇಲಿನ ಹಾಳೆಗಳನ್ನು ಲಕೋಟೆಗೆ ಹಾಕಿ ನನ್ನ ಕೈಗೆ ಕೊಡುತ್ತಾರೆ.

"ಮೊದಲನೇ ಅಧ್ಯಾಯ. ನಿಮ್ಮ ಅತ್ತಿಗೆ ಹೇಳ್ರಿ. ಏನಂತಾರ ಬಂದು ನನಗ ಹೇಳ್ರಿ."

ಹೀಗೆ ನಾನು ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ತರಬೇತಿಯಲ್ಲೂ ಕಲಿಯದ ಕೆಲಸ ಶುರುವಾಯಿತು. ತಿಂಗಳಿಗೆ ಎರಡು ಶನಿವಾರ, ಕೆಲಸ ಮುಗಿಸಿ ಜ್ಯೂಬಿಲಿ ಲೈನಿನಲ್ಲಿ ಕಿಲ್‌ಬರ್ನ್, ಲಕೋಟೆ ಇಸಿದುಕೊಂಡು ಮನೆಗೆ. ಭಾನುವಾರ ಅತ್ತೆಯವರಿಗೆ ಒಂದು ಅಧ್ಯಾಯ ಕನ್ನಡದಲ್ಲಿ. ಅವರು ಬೇಳೆ ಆರಿಸುತ್ತ ಕೇಳುತ್ತಿದ್ದರು. ಕಥೆ ಅದೇ ದ್ವೀಪದ್ದು: ಅಂಗಡಿಯವನ ಮಗಳು, ತಾಯಿಗೆ ಜ್ವರ ವಿಪರೀತವಾಗಿ, ದ್ವೀಪದ ಇನ್ನೊಂದು ತುದಿಗೆ ಬಂದಿರುವ ಡಾಕ್ಟರನ್ನು ಕರೆತರಲು ಮಾಸ್ತರನ ಕತ್ತೆ ಕದ್ದು ಹೊರಡುತ್ತಾಳೆ.

ಮೂರನೆಯ ಅಧ್ಯಾಯ ಮುಗಿದಾಗ ಅತ್ತೆಯವರು ಮೊರ ಪಕ್ಕಕ್ಕಿಟ್ಟರು. "ಆ ಹುಡುಗಿ ಊಟ ಯಾವಾಗ ಮಾಡ್ತಾಳ? ಮುಂಜಾನಿಂದ ಹೊಂಟಾಳ, ಒಂದು ತುತ್ತು ತಿಂದಿಲ್ಲ. ಬರೇ ಗುಡ್ಡ, ಗಾಳಿ, ಸಮುದ್ರ. ಊನಾಬಾಯಿಗೆ ಹೇಳು, ಮೊದಲು ಆಕಿಗೆ ಉಣ್ಣಾಕ ಹಾಕು ಅಂತ."

ಇದನ್ನು ಯೂನಾರಿಗೆ ಹೇಳಲು ಸಂಕೋಚವಾಗಿ, ಆಹಾರದ ವಿವರ ಸ್ವಲ್ಪ ಹೆಚ್ಚಿದ್ದರೆ ಚೆನ್ನ ಎಂದಷ್ಟೇ ತಿಳಿಸಿದೆ. ಅವರು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದರು. ಕೊನೆಗೆ ಅತ್ತೆಯವರ ಮಾತನ್ನು ಇದ್ದಹಾಗೆ ಹೇಳಿದೆ. "ಅಯ್ಯ, ಖರೇನ ಮರತಿದ್ನಲ್ಲ," ಎಂದು ಹಾಳೆಯ ಅಂಚಿನಲ್ಲಿ ಏನೋ ಗೀಚಿದರು.

ಆರನೆಯ ಅಧ್ಯಾಯದ ನಡುವೆ ಅತ್ತೆಯವರಿಗೆ ನಿದ್ದೆ ಬಂತು. ಶನಿವಾರ ಕಿಲ್‌ಬರ್ನಿಗೆ ಹೋಗಿ, ಅವರಿಗೆ ಬಹಳ ಇಷ್ಟವಾಯಿತು ಎಂದೆ.

"ಸುಧಾ, ನೀವು ಸುಳ್ಳು ಹೇಳುವಾಗ ನಿಮ್ಮ ಇಂಗ್ಲಿಷ್ ಭಾಳ ಛಲೋ ಆಗ್ತದ," ಎಂದರು ಯೂನಾ. "ಎಲ್ಲಿ ನಿದ್ದಿ ಹತ್ತಿತು ಅವರಿಗೆ? ಬರೇ ಅಷ್ಟು ತೋರಸ್ರಿ."

ಎರಡನೆಯ ಪುಟದ ಕೊನೆಯ ಪ್ಯಾರಾ ತೋರಿಸಿದೆ. ಅದು ಅವರಿಗೆ ಇಷ್ಟವಾದ ಪ್ಯಾರಾ, ನೋಡಿದರೆ ಗೊತ್ತಾಗುತ್ತಿತ್ತು. ಪೆನ್ಸಿಲಿನಿಂದ ಉದ್ದಕ್ಕೂ ಒಂದು ಗೆರೆ ಎಳೆದರು. ಅಂದಿನಿಂದ ನಾನು ಸಿಹಿ ಬೆರೆಸುವುದನ್ನು ಬಿಟ್ಟೆ. ಕತ್ತೆಗೆ ಹೆಸರಿಲ್ಲವೆಂದು ಅತ್ತೆ ಅಂದರೆ ಹೆಸರಿಲ್ಲವಂತೆ ಎಂದೆ. ಡಾಕ್ಟರು ಅಳಿಯನ ಹಾಗೆ ಮಾತಾಡುತ್ತಾನೆ ಎಂದರೆ ಅಳಿಯನ ಹಾಗೆ ಎಂದೆ, ಅದಕ್ಕೆ ಮಾತ್ರ ಅರ್ಧ ಗಂಟೆ ವಿವರಣೆ ಕೊಡಬೇಕಾಯಿತು. ಯೂನಾ ಎಲ್ಲದಕ್ಕೂ ಬಗ್ಗುತ್ತಿರಲಿಲ್ಲ. ತಾಯಿ ಸಾಯಬಾರದು ಎಂದು ಅತ್ತೆ ಪಟ್ಟು ಹಿಡಿದಾಗ, "ಈ ಸಲ ಸಾಯಿಸೂದಿಲ್ಲ, ಆದ್ರ ಅವರು ಹೇಳ್ಯಾರಂತ ಅಲ್ಲ, ನಾ ಮೊದಲ ಠರಾಯಿಸಿದ್ದೆ ಅಂತ ಹೇಳ್ರಿ," ಎಂದರು. ಅತ್ತೆ ಕೇಳಿ, "ಹೂಂ, ಹೌದಂತ," ಎಂದು ಬೇಳೆಯಲ್ಲಿ ಕಲ್ಲು ಹುಡುಕಿದರು.

ಎರಡು ವರ್ಷ ಹಿಡಿಯಿತು. ನನ್ನ ಕೆಲಸದ ಅತ್ಯಂತ ಸುಖದ ವರ್ಷಗಳು ಯಾವುವು ಎಂದು ಕೇಳಿದರೆ ಆ ಎರಡು. ಅದರಲ್ಲಿ ಕೌನ್ಸಿಲಿನ ಪಾತ್ರ ಏನೂ ಇಲ್ಲ.

ಪುಸ್ತಕವನ್ನು ಐರ್ಲೆಂಡಿನ ಒಂದು ಸಣ್ಣ ಪ್ರಕಾಶನ ತೆಗೆದುಕೊಂಡಿತು. ಮೊದಲ ಪ್ರತಿ ಬಂದ ದಿನ ಯೂನಾ ಅದನ್ನು ಹಿಡಿದು ಕೆಂಟನ್ನಿಗೆ ಬಂದರು. ಅತ್ತೆಯವರು ಮುಖಪುಟವನ್ನೂ ಕತ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ನನ್ನ ಊಟ ಎಲ್ಲದ, ತೋರಸು," ಎಂದರು. ಮೂರನೆಯ ಅಧ್ಯಾಯ ತೆರೆದುಕೊಟ್ಟು ಕನ್ನಡದಲ್ಲಿ ಹೇಳಿದೆ. ಗುಡ್ಡದ ಮರೆಯಲ್ಲಿ ಹುಡುಗಿ ಎರಡು ಬೇಯಿಸಿದ ಆಲೂಗಡ್ಡೆಯನ್ನು ಉಪ್ಪು ಹಚ್ಚಿಕೊಂಡು ತಿನ್ನುವ ಆರು ಸಾಲು. ಅತ್ತೆಯವರಿಗೆ ಒಂದಕ್ಷರವೂ ಬರದು. ಆ ಆರು ಸಾಲಿನ ಮೇಲೆ ಬೆರಳಾಡಿಸಿ, "ಬರೇ ಆಲೂಗಡ್ಡಿ ಅಂತೀ? ಇರ್ಲಿ, ಹೊಟ್ಟಿ ತುಂಬತದ," ಎಂದರು. ಯೂನಾರಿಗೆ ಅರ್ಥ ಮಾಡಿ ಹೇಳಿದೆ. ಯೂನಾ ಬಹಳ ಹೊತ್ತು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ನಮ್ಮ ಶಾಖೆಗೆ ಎರಡು ಪ್ರತಿ ತರಿಸಿದೆವು. ಅದರ ಮೇಲೆ ನಾನು ಒಮ್ಮೆಯೂ ಸುಮ್ಮನೆ ಪೆನ್ನು ಎಳೆಯಲಿಲ್ಲ. ದೊಡ್ಡ ಹೆಸರೇನೂ ಬರಲಿಲ್ಲ. ಮಕ್ಕಳು ಒಯ್ದರು, ಒಂದಿಷ್ಟು ಮಕ್ಕಳು ಎರಡನೆಯ ಸಲವೂ ಒಯ್ದರು. ವರ್ಷದೊಳಗೆ ಒಂದು ಪ್ರತಿಯ ನಲವತ್ತನೇ ಪುಟಕ್ಕೆ ಏನೋ ಕೆಂಪಗೆ ಅಂಟಿಕೊಂಡಿತ್ತು. ಗ್ಲೆನಿಸ್ ಅದನ್ನು ರಿಪೇರಿಗೆ ಹಾಕಲು ಹೊರಟಾಗ ಬೇಡವೆಂದೆ. ಅವರು ಕಾರಣ ಕೇಳಲಿಲ್ಲ. ಈಗ ಆ ಕಟ್ಟಡವೇ ಇಲ್ಲ. ಹೊಸದರಲ್ಲಿ ಓದುಗರೇ ಪುಸ್ತಕವನ್ನು ಯಂತ್ರದ ಕೆಳಗೆ ಹಿಡಿದು ಹೋಗುತ್ತಾರೆ, ಯಾರು ಏನು ಒಯ್ದರು ಎಂದು ತಲೆಯೆತ್ತಿ ನೋಡುವವರಿಲ್ಲ. ನೀವು ಸೇರಿದ ಮೇಲೆ ಆಗಾಗ ತಲೆಯೆತ್ತಿ ನೋಡಿ.

ಯೂನಾ ಮುಂದೆ ತಮ್ಮ ತಂಗಿಯಿರುವ ಊರಿಗೆ, ಐರ್ಲೆಂಡಿನ ಪಶ್ಚಿಮಕ್ಕೆ ಹೊರಟುಹೋದರು. ಪ್ರತಿ ಕ್ರಿಸ್‌ಮಸ್ಸಿಗೆ ಅತ್ತೆಯವರ ಹೆಸರಿಗೆ ಕಾರ್ಡು ಬರುತ್ತಿತ್ತು. ಅತ್ತೆ ಹೋದ ಮೇಲೆ ನನ್ನ ಹೆಸರಿಗೆ ಬಂತು, ಎರಡು ವರ್ಷ. ಮೂರನೆಯ ವರ್ಷ ತಂಗಿಯಿಂದ ಕಾಗದ ಬಂತು.

ಉಳಿದದ್ದು ಒಂದು. ಲಕೋಟೆಯಲ್ಲಿ ಬಂದ ಆ ಸಾವಿರಾರು ಮಕ್ಕಳು ನಮ್ಮ ಅತ್ತೆಯವರ ಒಂದು ಕಾರ್ಡು ಎಂಬುದು ಯೂನಾರಿಗೆ ಗೊತ್ತಿತ್ತೇ? ಬೆನ್ನು ಬಗ್ಗದ ಪುಸ್ತಕವನ್ನು ಲೈಬ್ರರಿಯಲ್ಲಿ ತಿರುವಿ ನೋಡಿದಾಗ ಗೊತ್ತಾಯಿತೋ, ಕೆಂಟನ್ನಿನಲ್ಲಿ ಕಾರ್ಡು ಕೈಗೆ ಬಂದಾಗ ಗೊತ್ತಾಯಿತೋ, ಇಲ್ಲ ಕೊನೆಯತನಕ ನಂಬಿಯೇ ಬರೆದರೋ. ಗೊತ್ತಿದ್ದೂ ಬರೆದರು ಎಂದುಕೊಂಡರೆ ನನಗೆ ಸಮಾಧಾನ. ಆದ್ದರಿಂದಲೇ ಅದನ್ನು ನಾನು ನಂಬುವುದಿಲ್ಲ. ಕೇಳಿ ತಿಳಿದುಕೊಳ್ಳಬಹುದಿತ್ತು. ಎರಡು ವರ್ಷ, ತಿಂಗಳಿಗೆ ಎರಡು ಶನಿವಾರ, ಅವರ ಅಡುಗೆಮನೆಯಲ್ಲಿ ಎದುರಿಗೆ ಕೂತಿದ್ದೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನಗೆ ಗೊತ್ತಿಲ್ಲ.